12.1ರಿಂದ 7.1ಕ್ಕೆ ಇಳಿದಿದೆ ಅಂದ್ರೆ ಅಮೆರಿಕದ ಜುವೆನೈಲ್ ಸೆಂಟರ್‌ಗಳಲ್ಲಿ ಮಕ್ಕಳು ಸೇಫ್ ಆದ್ರು ಅಂತಾನಾ?

ಓದುಗರ ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ ಎರಡನೇ ವರ್ಷ ಓದ್ತಿದೀನಿ, ಅಮೆರಿಕದ ಜುವೆನೈಲ್ ಡಿಟೆನ್ಷನ್, ಅಂದ್ರೆ ಅಪರಾಧದ ಕೇಸಲ್ಲಿ ಸಿಕ್ಕಿದ ಮಕ್ಕಳನ್ನ ಕೂಡಿ ಹಾಕೋ ವ್ಯವಸ್ಥೆ ಬಗ್ಗೆ ಪ್ರಾಜೆಕ್ಟ್ ಮಾಡ್ತಿದೀನಿ. ಅಲ್ಲಿನ ಸರ್ಕಾರನೇ ಮಾಡ್ಸಿದ ಸರ್ವೆಯಲ್ಲಿ 2008-09ರಲ್ಲಿ ಶೇ. 12.1 ಮಕ್ಕಳು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿದ್ರು, 2018ರಲ್ಲಿ ಅದು ಶೇ. 7.1. ಇದನ್ನ ಸುಧಾರಣೆ ಅಂತ ಬರೀಬಹುದಾ? ಒಳಗೆ ಕೂಡಿ ಹಾಕಿರೋ ಮಕ್ಕಳು ನಿಜಾನೇ ಹೇಳ್ತಾರೆ ಅಂತ ಹೇಗೆ ನಂಬೋದು? ಮತ್ತೆ ದೌರ್ಜನ್ಯ ಮಾಡಿದ ಸಿಬ್ಬಂದಿಯಲ್ಲಿ ಹೆಚ್ಚಿನವರು ಹೆಂಗಸರು ಅಂತ ರಿಪೋರ್ಟಲ್ಲಿದೆ, ಅದು ಪ್ರಿಂಟ್ ಮಿಸ್ಟೇಕಾ?

ಉತ್ತರ:

ಪ್ರಿಂಟ್ ಮಿಸ್ಟೇಕ್ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆ ಸಾಲನ್ನ ತಪ್ಪು ಅಂತ ಅಂದ್ಕೊಂಡು ಬಿಟ್ಟು ಮುಂದೆ ಹೋಗೋರು ತುಂಬಾ ಜನ ಇದಾರೆ, ನೀವು ಹಾಗೆ ಮಾಡ್ಬೇಡಿ. ಇನ್ನು ಸುಧಾರಣೆ ಅನ್ನೋ ಪದ ಬರೀಬಹುದು, ಆದ್ರೆ ಆ ಒಂದು ಪದದಲ್ಲೇ ನಿಲ್ಲಿಸಿದ್ರೆ ಪ್ರಾಜೆಕ್ಟ್ ಅರ್ಧ ಆಗತ್ತೆ ಅಷ್ಟೇ. ಈ ನಂಬರ್‌ಗಳು ಯಾರನ್ನ ಕೇಳಿ ಬಂದಿದ್ದು, ಹೇಗೆ ಕೇಳಿದ್ರು, ಯಾರನ್ನ ಕೇಳ್ಲೇ ಇಲ್ಲ, ಈ ಮೂರು ಗೊತ್ತಾದ್ರೆ ಮಾತ್ರ 7.1 ಅನ್ನೋದಕ್ಕೆ ಅರ್ಥ ಬರತ್ತೆ.

ಮೊದಲು ಹಿನ್ನೆಲೆ ಸ್ವಲ್ಪ. ಜೈಲು, ಜುವೆನೈಲ್ ಸೆಂಟರ್ ಒಳಗೆ ಇಂಥದ್ದು ನಡೆಯತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಆದ್ರೆ ಎಷ್ಟು ಅಂತ ದೇಶದ ಮಟ್ಟದಲ್ಲಿ ಯಾರೂ ಎಣಿಸಿರ್ಲಿಲ್ಲ. 2003ರ ಸೆಪ್ಟೆಂಬರಲ್ಲಿ ಪ್ರಿಸನ್ ರೇಪ್ ಎಲಿಮಿನೇಷನ್ ಆಕ್ಟ್ ಬಂತು, ಎಲ್ಲರೂ ಅದನ್ನ ಪ್ರಿಯಾ ಅಂತ ಕರೀತಾರೆ, ಅಲ್ಲಿನ ಸಂಸತ್ತು ಕಾಂಗ್ರೆಸ್ಸಿನ ಎರಡೂ ಸದನದಲ್ಲಿ ಒಂದೇ ಒಂದು ವಿರೋಧ ಇಲ್ಲದೆ ಪಾಸಾಗಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ್ದು. ಆ ಕಾನೂನಿನ ದೊಡ್ಡ ಕೆಲಸ ಅಂದ್ರೆ ಎಣಿಸಿ ಅಂತ ಹೇಳಿದ್ದು. ನ್ಯಾಯ ಇಲಾಖೆಯ ಕೆಳಗಿರೋ ಬ್ಯೂರೋ ಆಫ್ ಜಸ್ಟಿಸ್ ಸ್ಟಾಟಿಸ್ಟಿಕ್ಸ್ ಪ್ರತಿ ವರ್ಷ ಅಂಕಿಅಂಶ ಕೊಡ್ಬೇಕು, ಕನಿಷ್ಠ ಹತ್ತು ಪರ್ಸೆಂಟ್ ಜಾಗಗಳನ್ನಾದ್ರೂ ಸ್ಯಾಂಪಲ್ ಆಗಿ ತಗೋಬೇಕು, ಅದರಲ್ಲಿ ಮಕ್ಕಳ ಸೆಂಟರ್‌ಗಳೂ ಇರಬೇಕು ಅಂತ ಬರೆದ್ರು.

ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಇದೆ, ಇವೆರಡನ್ನ ಬೆರೆಸಿದ್ರೆ ಇಡೀ ಬರಹ ಹಾಳಾಗತ್ತೆ. ಒಂದು, ಆಫೀಸಿನ ರೆಕಾರ್ಡ್ ನೋಡಿ ಸಂಸ್ಥೆಯವರೇ ತುಂಬಿ ಕೊಡೋ ಲೆಕ್ಕ, ಅಂದ್ರೆ ಈ ವರ್ಷ ನಮಗೆ ಇಷ್ಟು ದೂರು ಬಂತು, ಇಷ್ಟು ಸಾಬೀತಾಯ್ತು, ಇಷ್ಟಕ್ಕೆ ಸಾಕಷ್ಟು ಸಾಕ್ಷ್ಯ ಸಿಗ್ಲಿಲ್ಲ, ಇಷ್ಟು ನಡೆದೇ ಇಲ್ಲ ಅಂತ ಗೊತ್ತಾಯ್ತು, ಇಷ್ಟು ಇನ್ನೂ ತನಿಖೆಯಲ್ಲಿದೆ. ಎರಡನೇದು ನ್ಯಾಷನಲ್ ಸರ್ವೆ ಆಫ್ ಯೂತ್ ಇನ್ ಕಸ್ಟಡಿ, ನೀವು ಹೇಳ್ತಿರೋ 12.1 ಮತ್ತು 7.1 ಇದರದ್ದು, ಇದರಲ್ಲಿ ಸಂಸ್ಥೆಯನ್ನ ಕೇಳೋದೇ ಇಲ್ಲ, ಒಳಗಿರೋ ಮಕ್ಕಳನ್ನೇ ನೇರ ಕೇಳ್ತಾರೆ. ಮೊದಲನೇದು ದೂರು ಕೊಟ್ಟವರ ಲೆಕ್ಕ, ಎರಡನೇದು ದೂರು ಕೊಡದೇ ಇರೋರನ್ನೂ ಸೇರಿಸಿದ ಲೆಕ್ಕ, ಹಾಗಾಗಿ ಎರಡರ ಮಧ್ಯ ಅಜಗಜಾಂತರ ಇರತ್ತೆ. ದೂರು ಯಾರಿಗೆ ಕೊಡ್ಬೇಕು, ಆ ಬಾಗಿಲಿನ ಕೀಲಿ ಇಟ್ಕೊಂಡಿರೋರಿಗೇ ತಾನೆ, ರಾತ್ರಿ ಡ್ಯೂಟಿಗೆ ಬರೋದೂ ಅವರೇ, ಮನೆಗೆ ಫೋನ್ ಮಾಡೋಕೆ ಬಿಡೋದೂ ಅವರೇ, ಬಿಡುಗಡೆಗೆ ನಡತೆ ಚೆನ್ನಾಗಿದೆ ಅಂತ ಬರೆದು ಕೊಡೋದೂ ಅವರೇ. ಅಂಥ ಕಡೆ ಹದಿನಾರು ವರ್ಷದ ಹುಡುಗ ಬಾಯಿ ಬಿಡದೇ ಇರೋದರಲ್ಲಿ ಆಶ್ಚರ್ಯ ಏನೂ ಇಲ್ಲ.

ಈಗ ಮಕ್ಕಳು ನಿಜ ಹೇಳ್ತಾರಾ ಅನ್ನೋ ಪ್ರಶ್ನೆಗೆ ಬರ್ತೀನಿ, ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕಂದ್ರೆ ಈ ಸರ್ವೆಯ ನಿಜವಾದ ಶ್ರಮ ಇರೋದೇ ಕೇಳೋ ವಿಧಾನದಲ್ಲಿ. ಒಬ್ಬರು ಪೆನ್ನು ಪೇಪರ್ ಹಿಡ್ಕೊಂಡು ಎದುರು ಕೂತು ನಿನಗೆ ಹೀಗಾಯ್ತಾ ಅಂತ ಕೇಳೋ ಪದ್ಧತಿ ಇಲ್ಲಿಲ್ಲ. ಮಗುವನ್ನ ಒಂದು ಪ್ರತ್ಯೇಕ ಜಾಗದಲ್ಲಿ ಟಚ್‌ಸ್ಕ್ರೀನ್ ಕಂಪ್ಯೂಟರ್ ಮುಂದೆ ಕೂರಿಸ್ತಾರೆ, ಕಿವಿಗೆ ಹೆಡ್‌ಫೋನ್, ಪ್ರಶ್ನೆ ಸ್ಕ್ರೀನ್ ಮೇಲೂ ಬರತ್ತೆ, ಕಿವಿಯಲ್ಲೂ ಓದಿ ಹೇಳತ್ತೆ. ಓದೋಕೆ ಸರಿಯಾಗಿ ಬರದೇ ಇರೋ ಮಕ್ಕಳು ಈ ಸೆಂಟರ್‌ಗಳಲ್ಲಿ ತುಂಬಾ ಇರ್ತಾರೆ, ಹೆಡ್‌ಫೋನ್ ಅವರಿಗೋಸ್ಕರ. ಉತ್ತರ ಬೆರಳಲ್ಲಿ ಒತ್ತಿದ್ರೆ ಮುಗೀತು, ಸರ್ವೆಗೆ ಬಂದಿರೋ ವ್ಯಕ್ತಿಗೂ ಅದು ಕಾಣಲ್ಲ, ಸೆಂಟರ್ ಸಿಬ್ಬಂದಿಗಂತೂ ಕಾಣೋದೇ ಇಲ್ಲ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಇನ್ನೊಂದು ಸಂಗತಿ. 2008-09ರ ಸರ್ವೆಯಲ್ಲಿ ಒಟ್ಟು 10,263 ಮಕ್ಕಳು ಭಾಗವಹಿಸಿದ್ರು, ಆದ್ರೆ ಅದರಲ್ಲಿ 9,198 ಮಕ್ಕಳಿಗೆ ಮಾತ್ರ ಲೈಂಗಿಕ ದೌರ್ಜನ್ಯದ ಪ್ರಶ್ನೆಗಳು ಹೋಗಿದ್ದು. ಉಳಿದ 1,065 ಮಕ್ಕಳಿಗೆ ಡ್ರಗ್ಸ್, ಮದ್ಯ, ಚಿಕಿತ್ಸೆ ಇಂಥ ಬೇರೆ ವಿಷಯದ ಪ್ರಶ್ನೆ. ಯಾರಿಗೆ ಯಾವುದು ಬರತ್ತೆ ಅಂತ ಕಂಪ್ಯೂಟರೇ ರ‍್ಯಾಂಡಮ್ ಆಗಿ ತೀರ್ಮಾನ ಮಾಡತ್ತೆ. ಯಾಕೆ ಹೀಗೆ ಅಂದ್ರೆ, ಆ ರೂಮಿಂದ ಹೊರಗೆ ಬಂದ ಹುಡುಗನನ್ನ ಯಾರಾದ್ರೂ ಏನು ಕೇಳಿದ್ರೋ, ಏನು ಹೇಳ್ದೆ ಅಂತ ಹೆದರಿಸಿದ್ರೆ ನನಗೆ ಬಂದಿದ್ದು ಡ್ರಗ್ಸ್ ಬಗ್ಗೆ ಅಂತ ಅವನು ಹೇಳ್ಬಹುದು, ಅದು ಸುಳ್ಳು ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಆ ಸಾವಿರ ಮಕ್ಕಳ ಉತ್ತರ ಮುಖ್ಯ ಲೆಕ್ಕಕ್ಕೆ ಸೇರಲ್ಲ, ಖರ್ಚು ಮಾತ್ರ ಅಷ್ಟೇ ಆಗತ್ತೆ, ಆದ್ರೂ ಉಳಿದ ಒಂಬತ್ತು ಸಾವಿರ ಮಕ್ಕಳಿಗೆ ಒಂದು ಮರೆ ಸಿಗ್ಲಿ ಅಂತ ಆ ಖರ್ಚು ಮಾಡಿದಾರೆ. ನಿಮ್ಮ ಪ್ರಾಜೆಕ್ಟಲ್ಲಿ ಮೆಥಡಾಲಜಿ ಚಾಪ್ಟರ್ ಇದ್ರೆ ಇದನ್ನ ಖಂಡಿತ ಬರೀರಿ.

ಸುಳ್ಳು ಹೇಳೋ ಮಕ್ಕಳು ಇರಲ್ವಾ ಅಂದ್ರೆ ಇರ್ತಾರೆ. ಅದಕ್ಕೆ ಉತ್ತರಗಳಲ್ಲಿ ವಿಪರೀತ ವಿರೋಧಾಭಾಸ ಇದ್ರೆ, ಪ್ರಶ್ನೆ ಓದೋಕೂ ಟೈಮ್ ಸಾಕಾಗದಷ್ಟು ಫಾಸ್ಟಾಗಿ ಮುಗಿಸಿದ್ರೆ, ಅಂಥ ಇಂಟರ್‌ವ್ಯೂಗಳನ್ನ ತೆಗೆದು ಹಾಕ್ತಾರೆ. ಆದ್ರೆ ನೀವು ಇನ್ನೊಂದು ಕಡೆಯಿಂದನೂ ಯೋಚ್ನೆ ಮಾಡ್ಬೇಕು, ನಡೆದಿದ್ದನ್ನ ನಡೆದೇ ಇಲ್ಲ ಅನ್ನೋ ಮಕ್ಕಳೂ ಇರ್ತಾರೆ, ನಾಚಿಕೆಗೆ, ಹೆದರಿಕೆಗೆ, ಕೆಲವೊಮ್ಮೆ ಅದನ್ನ ದೌರ್ಜನ್ಯ ಅಂತ ಗುರುತಿಸೋಕೇ ಆಗದೆ. ಸುಳ್ಳು ಹೇಳಿ ಹೆಚ್ಚಿಸಿದವರನ್ನ ಹಿಡಿಯೋಕೆ ಕಂಪ್ಯೂಟರ್ ಚೆಕ್ ಇದೆ, ಸುಮ್ಮನಿದ್ದು ಕಡಿಮೆ ಮಾಡಿದವರನ್ನ ಹಿಡಿಯೋಕೆ ಅಂಥದ್ದೇನೂ ಇಲ್ಲ. ಅದಕ್ಕೇ ಮಕ್ಕಳು ಉತ್ಪ್ರೇಕ್ಷೆ ಮಾಡ್ತಾರೆ ಅಂತ ಯಾರಾದ್ರೂ ಒಂದೇ ಕಡೆ ವಾದ ಮಾಡಿದ್ರೆ ನಾನು ಒಪ್ಪಲ್ಲ. ರಿಪೋರ್ಟ್ ಬರೆದವರೂ ಎರಡೂ ಸಾಧ್ಯತೆಯನ್ನ ಮುಚ್ಚಿಡದೆ ಹೇಳಿದಾರೆ, ಇವು ಮಕ್ಕಳು ಹೇಳಿದ ಅಂಕಿಗಳು, ಕೋರ್ಟಲ್ಲಿ ಸಾಬೀತಾದ ಅಂಕಿಗಳಲ್ಲ ಅಂತ.

ಸರಿ, ಈಗ ನಂಬರ್. ಮೊದಲ ಸರ್ವೆ 2008ರ ಜೂನಿಂದ 2009ರ ಏಪ್ರಿಲ್ ತನಕ 195 ಸೆಂಟರ್‌ಗಳಲ್ಲಿ ನಡೆದು ರಿಪೋರ್ಟ್ 2010ರ ಜನವರಿಯಲ್ಲಿ ಬಂತು. ಹಿಂದಿನ 12 ತಿಂಗಳಲ್ಲಿ, ಅಥವಾ ಬಂದು ಇನ್ನೂ ವರ್ಷ ಆಗಿಲ್ಲ ಅಂದ್ರೆ ಬಂದಾಗಿನಿಂದ, ಶೇ. 12.1 ಮಕ್ಕಳ ಮೇಲೆ ದೌರ್ಜನ್ಯ. ಇದನ್ನ ಬಿಡಿಸಿ ನೋಡಿದ್ರೆ ಬೇರೆ ಮಕ್ಕಳಿಂದ ಆಗಿದ್ದು ಶೇ. 2.6, ಸಿಬ್ಬಂದಿಯಿಂದ ಆಗಿದ್ದು ಶೇ. 10.3. ಕೆಲವು ಮಕ್ಕಳಿಗೆ ಎರಡೂ ಆಗಿರೋದ್ರಿಂದ ಕೂಡಿದ್ರೆ ಲೆಕ್ಕ ತಾಳೆ ಆಗಲ್ಲ, ಅದು ತಪ್ಪಲ್ಲ. 2012ರಲ್ಲಿ 326 ಸೆಂಟರ್‌ಗಳಲ್ಲಿ ಕೇಳಿದಾಗ ಒಟ್ಟು ಶೇ. 9.5, ಸಿಬ್ಬಂದಿಯಿಂದ 7.7, ಮಕ್ಕಳಿಂದ 2.5. 2018ರಲ್ಲಿ 327 ಸೆಂಟರ್, ಒಟ್ಟು 7.1, ಸಿಬ್ಬಂದಿಯಿಂದ 5.8, ಮಕ್ಕಳಿಂದ 1.9.

ಇದನ್ನ ನಿಧಾನವಾಗಿ ನೋಡಿ. ಜನ ಸಾಮಾನ್ಯವಾಗಿ ಹೆದರೋದು ದೊಡ್ಡ ಹುಡುಗರು ಚಿಕ್ಕವರಿಗೆ ಕಾಟ ಕೊಡ್ತಾರೆ ಅಂತ. ಆದ್ರೆ ಮೂರೂ ಸಲದ ಸರ್ವೆಯಲ್ಲಿ ಹೆಚ್ಚಿನ ಪಾಲು ಕಾಯೋಕೆ ಅಂತ ಸಂಬಳ ತಗೊಳ್ಳೋ ದೊಡ್ಡವರಿಂದ ಆಗಿದ್ದು. 7.1ಕ್ಕೆ ಇಳಿದ ಮೇಲೂ ಆ ಅನುಪಾತ ಬದಲಾಗಿಲ್ಲ.

ಹೆಂಗಸರ ವಿಷಯ. 2008-09ರಲ್ಲಿ ಸಿಬ್ಬಂದಿಯಿಂದ ದೌರ್ಜನ್ಯ ಆಯ್ತು ಅಂದ ಮಕ್ಕಳಲ್ಲಿ ಸುಮಾರು 95 ಪರ್ಸೆಂಟ್ ಮಹಿಳಾ ಸಿಬ್ಬಂದಿಯ ಕಡೆಗೆ ಬೆರಳು ತೋರ್ಸಿದ್ರು. ಆ ಸೆಂಟರ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಹುಡುಗರು, ಸ್ಟೇಟ್ ಸೆಂಟರ್‌ಗಳ ಸಿಬ್ಬಂದಿಯಲ್ಲಿ 42 ಪರ್ಸೆಂಟ್ ಹೆಂಗಸರು. 2012ರಲ್ಲೂ ಹೆಚ್ಚು ಕಡಿಮೆ ಇದೇ ಚಿತ್ರ, ಸಿಬ್ಬಂದಿ ವಿರುದ್ಧ ಹೇಳಿದವರಲ್ಲಿ ಸುಮಾರು 89 ಪರ್ಸೆಂಟ್ ಮಹಿಳಾ ಸಿಬ್ಬಂದಿಯ ಬಗ್ಗೆ ಹೇಳಿದ ಹುಡುಗರು. ಹುಡುಗನಿಗೆ ಏನು ತೊಂದ್ರೆ, ಅವನಿಗೂ ಇಷ್ಟ ಇತ್ತೇನೋ ಅನ್ನೋ ಮಾತು ಇಲ್ಲಿ ಬರತ್ತೆ, ಬರೋದೇ ತಪ್ಪು. ಕಸ್ಟಡಿಯಲ್ಲಿರೋ ಮಗು ಕಾವಲಿಗಿರೋ ವ್ಯಕ್ತಿಗೆ ಸಮ್ಮತಿ ಕೊಡೋದು ಅನ್ನೋದೇ ಕಾನೂನಲ್ಲಿ ಇಲ್ಲ, ಹಾಗಾಗಿ ಬಲಪ್ರಯೋಗ ಮಾಡಿದ್ದು, ಮಾಡದೇ ಇದ್ದಿದ್ದು ಅಂತ ರಿಪೋರ್ಟಲ್ಲಿ ಎರಡು ಕಾಲಂ ಇದ್ರೂ ಎರಡೂ ದೌರ್ಜನ್ಯನೇ. 2008-09ರಲ್ಲಿ ಬಲವಂತದ್ದು ಶೇ. 4.3, ಬಲವಂತ ಇಲ್ಲ ಅಂದಿದ್ದು ಶೇ. 6.4. ಈ ಎರಡನೇ ಕಾಲಂನ ಸೌಮ್ಯ ಅಂತ ಓದ್ಬೇಡಿ. 2012ರ ಸರ್ವೆ ಇದು ಹೇಗೆ ಶುರುವಾಯ್ತು ಅಂತನೂ ಮಕ್ಕಳನ್ನ ಕೇಳ್ತು, ಆ ಸ್ಟಾಫ್ ತಮ್ಮ ಮನೆ ಕಷ್ಟ ಹೇಳ್ಕೊಂಡ್ರಾ, ಗಿಫ್ಟ್ ಕೊಟ್ರಾ, ಫೋಟೋ ಕೊಟ್ರಾ, ನೀನೇ ನನ್ನ ಫೇವರಿಟ್ ಅನ್ನೋ ಥರ ನಡ್ಕೊಂಡ್ರಾ ಅಂತ, ಮತ್ತೆ ಹೌದು ಅಂದವರು ಧಾರಾಳವಾಗಿ ಸಿಕ್ಕಿದ್ರು. ಹಂತ ಹಂತವಾಗಿ ಹತ್ತಿರ ಎಳ್ಕೊಳ್ಳೋ ಕ್ರಮ ಅದು. ಇನ್ನೊಂದು, ಆ ಮಕ್ಕಳಲ್ಲಿ ಸುಮಾರು 86 ಪರ್ಸೆಂಟ್ ಒಂದಕ್ಕಿಂತ ಹೆಚ್ಚು ಸಲ ಆಗಿದೆ ಅಂದ್ರು. ಅಂದ್ರೆ ಯಾರೋ ಒಬ್ಬರು ಯಾವತ್ತೋ ಒಂದಿನ ಮಾಡಿದ ತಪ್ಪು ಅಂತ ತಳ್ಳಿ ಹಾಕೋಕಾಗಲ್ಲ, ತಿಂಗಳುಗಟ್ಟಲೆ ನಡೀತಿದ್ರೂ ಶಿಫ್ಟಲ್ಲಿದ್ದ ಬೇರೆಯವರು, ಸೂಪರ್‌ವೈಸರ್, ಕೌನ್ಸೆಲರ್ ಯಾರಿಗೂ ಕಾಣ್ಲಿಲ್ಲ, ಅಥವಾ ಕಂಡೂ ಸುಮ್ಮನಿದ್ರು.

ಯಾವ ಮಕ್ಕಳ ಮೇಲೆ ಹೆಚ್ಚು ಅನ್ನೋದೂ ಗೊತ್ತಿರಲಿ. ಬರೋಕೆ ಮುಂಚೆನೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ ಮಕ್ಕಳಲ್ಲಿ ಶೇ. 24.1, ಅಂಥ ಇತಿಹಾಸ ಇಲ್ಲದವರಲ್ಲಿ ಶೇ. 10.1, ಇದು 2008-09ರದ್ದು. ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಅಂತ ಗುರುತಿಸಿಕೊಂಡ ಮಕ್ಕಳಿಗೆ ಬೇರೆ ಮಕ್ಕಳಿಂದ ಆಗಿದ್ದು 2012ರಲ್ಲಿ ಶೇ. 10.3, ಉಳಿದವರಿಗೆ 1.5. ಸರಾಸರಿ ಅನ್ನೋದು ಈ ಮಕ್ಕಳ ಬದುಕನ್ನ ಪೂರ್ತಿ ಮುಚ್ಚಿ ಹಾಕತ್ತೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಇಳಿಕೆ ನಿಜಾನಾ? 2012ರಿಂದ 2018ಕ್ಕೆ 9.5ರಿಂದ 7.1ಕ್ಕೆ ಇಳಿದಿದ್ದನ್ನ ಬ್ಯೂರೋನೇ ಇಳಿಕೆ ಅಂತ ಹೇಳಿದೆ, ನಾನೂ ಅದನ್ನ ಒಪ್ತೀನಿ. ಆದ್ರೆ 12.1ರಿಂದ 7.1ಕ್ಕೆ ನೇರ ಗೆರೆ ಎಳೀಬೇಡಿ, ಮೊದಲ ಸಲ ಮತ್ತು ಆಮೇಲಿನ ಸಲ ಯಾವ ಥರದ ಸೆಂಟರ್‌ಗಳನ್ನ ಸೇರಿಸಿದ್ರು ಅನ್ನೋದರಲ್ಲಿ ವ್ಯತ್ಯಾಸ ಇದೆ, 195ರಿಂದ 326 ಆಗಿರೋದು ನೋಡಿದ್ರೇ ಗೊತ್ತಾಗತ್ತೆ. ಮೂರು ಅಂಕಿನೂ ಪಕ್ಕ ಪಕ್ಕ ಕೊಡಿ, ಮೊದಲನೇದರ ಜೊತೆ ಸ್ಯಾಂಪಲ್ ಬೇರೆ ಅಂತ ಒಂದು ಮಾತು ಬರೆದು ಮುಂದೆ ಹೋಗಿ.

ಯಾಕೆ ಇಳೀತು? ಇದಕ್ಕೆ ಒಂದೇ ಕಾರಣ ಕೊಡೋರನ್ನ ನಂಬಬೇಡಿ. 2012ರಲ್ಲಿ ನ್ಯಾಯ ಇಲಾಖೆ ಪ್ರಿಯಾ ಕೆಳಗೆ ನಿಯಮಗಳನ್ನ ತಂತು, ಪ್ರತಿ ಸೆಂಟರ್‌ಗೆ ಮೂರು ವರ್ಷಕ್ಕೊಮ್ಮೆ ಆಡಿಟ್, ಭದ್ರತೆಯ ಜುವೆನೈಲ್ ಸೆಂಟರ್‌ಗಳಲ್ಲಿ ಮಕ್ಕಳು ಎದ್ದಿರೋ ಹೊತ್ತಲ್ಲಿ ಎಂಟು ಮಕ್ಕಳಿಗೆ ಒಬ್ಬ ಸಿಬ್ಬಂದಿ, ಮಲಗಿರೋ ಹೊತ್ತಲ್ಲಿ ಹದಿನಾರಕ್ಕೆ ಒಬ್ಬ. ಈ ಅನುಪಾತಕ್ಕೆ ಕೊನೇ ದಿನ 2017ರ ಅಕ್ಟೋಬರ್ 1 ಅಂತ ಇಟ್ರು. ನಿಯಮ ಪಾಲಿಸ್ತೀವಿ ಅಂತ ರಾಜ್ಯದ ಗವರ್ನರ್ ಬರೆದು ಕೊಡ್ಬೇಕು, ಇಲ್ಲಾಂದ್ರೆ ನ್ಯಾಯ ಇಲಾಖೆಯ ಕೆಲವು ಅನುದಾನದಲ್ಲಿ 5 ಪರ್ಸೆಂಟ್ ಕಟ್. ಇದು ಒಂದು ಕಡೆ. ಇನ್ನೊಂದು ಕಡೆ ಒಳಗಿರೋ ಮಕ್ಕಳ ಸಂಖ್ಯೆನೇ ಬಿದ್ದು ಹೋಯ್ತು, 2000ದಲ್ಲಿ ಒಂದು ದಿನದ ಎಣಿಕೆಯಲ್ಲಿ ಸುಮಾರು 1,08,800 ಮಕ್ಕಳಿದ್ರು, 2019ರಲ್ಲಿ ಸುಮಾರು 36,500, ಕೋವಿಡ್ ವರ್ಷ 2020ರಲ್ಲಿ ಸುಮಾರು 25,000. ದೊಡ್ಡ ದೊಡ್ಡ ಹಳೇ ಸೆಂಟರ್‌ಗಳು ಎಷ್ಟೋ ಮುಚ್ಚಿದ್ವು. ಮಕ್ಕಳೇ ಕಡಿಮೆ ಆದಾಗ ನೂರರಲ್ಲಿ ಎಷ್ಟು ಅನ್ನೋದೂ ಬದಲಾಗತ್ತೆ, ಯಾಕಂದ್ರೆ ಉಳ್ಕೊಂಡಿರೋ ಮಕ್ಕಳೂ ಬೇರೆ, ಉಳ್ಕೊಂಡಿರೋ ಸೆಂಟರ್‌ಗಳೂ ಬೇರೆ. ನಿಯಮದಿಂದ ಎಷ್ಟು ಇಳೀತು, ಮುಚ್ಚಿದ್ದರಿಂದ ಎಷ್ಟು ಇಳೀತು ಅಂತ ಈ ಸರ್ವೆಯಿಂದ ಬೇರೆ ಮಾಡೋಕಾಗಲ್ಲ, ಸರ್ವೆ ಅದಕ್ಕೆ ಅಂತ ಮಾಡಿದ್ದಲ್ಲ.

ನಿಯಮ ಮತ್ತು ವಾಸ್ತವ ಅಂದಾಗ ಒಂದು ಹಳೇ ಅಧ್ಯಯನ ಹೇಳಲೇಬೇಕು. 1988ರಲ್ಲಿ ಕಾಂಗ್ರೆಸ್ ಕೇಳಿದ ಮೇಲೆ ಮಾಡಿಸಿದ ಕಂಡಿಷನ್ಸ್ ಆಫ್ ಕನ್‌ಫೈನ್‌ಮೆಂಟ್ ಅನ್ನೋ ರಿಪೋರ್ಟ್ 1994ರಲ್ಲಿ ಬಂತು, ದೇಶದ 984 ಜುವೆನೈಲ್ ಸೆಂಟರ್‌ಗಳನ್ನ ನೋಡಿತ್ತು. ಜಾಗದ ಇಕ್ಕಟ್ಟು, ಭದ್ರತೆ, ಆರೋಗ್ಯ ಸೇವೆ, ಆತ್ಮಹತ್ಯೆ ತಡೆಯೋ ವ್ಯವಸ್ಥೆ, ಈ ನಾಲ್ಕರಲ್ಲಿ ದೊಡ್ಡ ಕೊರತೆ ಇದೆ ಅಂತ ಹೇಳ್ತು. ಅದಕ್ಕಿಂತ ಮುಖ್ಯವಾಗಿ, ಫೈಲಲ್ಲಿ ಎಲ್ಲಾ ಮಾನದಂಡಕ್ಕೂ ಟಿಕ್ ಬಿದ್ದಿರೋ ಸೆಂಟರ್ ಅಂದ ಮಾತ್ರಕ್ಕೆ ಒಳಗೆ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ ಅಂತಾನೂ ಹೇಳ್ತು. ಮಕ್ಕಳನ್ನೇ ನೇರ ಕೇಳ್ಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ. ಪಾಲಿಸಿ ಇದೆಯಾ ಅಂತ ಸೂಪರಿಂಟೆಂಡೆಂಟ್‌ನ ಕೇಳಿದ್ರೆ ಇದೆ ಅಂತಾರೆ, ಅದು ನಿಜಾನೂ ಇರತ್ತೆ, ರಾತ್ರಿ ಏನು ನಡೀತು ಅನ್ನೋದು ಮಾತ್ರ ಆ ಉತ್ತರದಲ್ಲಿ ಇರಲ್ಲ.

ಈ ಸರ್ವೆ ಯಾರನ್ನ ಕೇಳ್ಲಿಲ್ಲ ಅಂತ ನೋಡೋಣ. ಇದು ಮುಖ್ಯವಾಗಿ ಕೋರ್ಟ್ ತೀರ್ಪಾಗಿ ಕಳಿಸಿರೋ ಮಕ್ಕಳನ್ನ, ಹೆಚ್ಚು ದಿನ ಇರಿಸ್ಕೊಳ್ಳೋ ಸೆಂಟರ್‌ಗಳಲ್ಲಿ ಕೇಳಿದ್ದು. ವಿಚಾರಣೆಗೆ ಮುಂಚೆ ಕೆಲವು ದಿನ, ಕೆಲವು ವಾರ ಇರಿಸೋ ಕೌಂಟಿ (ನಮ್ಮ ಜಿಲ್ಲೆ ಥರ) ಡಿಟೆನ್ಷನ್ ಸೆಂಟರ್‌ಗಳು ಹೆಚ್ಚಾಗಿ ಇದರ ಹೊರಗೇ ಉಳಿತಾವೆ, ವರ್ಷದ ಲೆಕ್ಕದಲ್ಲಿ ನೋಡಿದ್ರೆ ಹೆಚ್ಚು ಮಕ್ಕಳು ಹಾದು ಹೋಗೋದು ಅಂಥ ಕಡೆನೇ. ಹಾಗಾಗಿ ನಿಮ್ಮ ಪ್ರಾಜೆಕ್ಟಿನ ಹೆಸರಲ್ಲಿ ಡಿಟೆನ್ಷನ್ ಅಂತಿದ್ರೆ ಈ ಮಿತಿ ಮೊದಲ ಪುಟದಲ್ಲೇ ಬರ್ಲಿ. ದೊಡ್ಡವರ ಜೈಲಲ್ಲಿ ಇಟ್ಟಿರೋ 16-17 ವರ್ಷದವರೂ ಇದರಲ್ಲಿಲ್ಲ, ಅವರನ್ನ 2011-12ರಲ್ಲಿ ಜೈಲುಗಳ ಸರ್ವೆಯಲ್ಲಿ ಕೇಳಿದ್ರು, ಬೇರೆ ಕೈದಿಗಳಿಂದ ಶೇ. 1.8, ಸಿಬ್ಬಂದಿಯಿಂದ ಶೇ. 3.2 ಅಂತ ಬಂತು. ಜುವೆನೈಲ್ ಸೆಂಟರ್‌ಗಿಂತ ಕಡಿಮೆ ಇದೆಯಲ್ಲ, ಹಾಗಾದ್ರೆ ದೊಡ್ಡವರ ಜೈಲೇ ಸೇಫಾ ಅಂತ ತಟ್ಟನೆ ಅನ್ಸತ್ತೆ, ಆದ್ರೆ ಬೇರೆ ಸರ್ವೆ, ಬೇರೆ ಪ್ರಶ್ನೆ ಪಟ್ಟಿ, ಬೇರೆ ವಯಸ್ಸು, ಇವೆರಡನ್ನ ಪಕ್ಕದಲ್ಲಿಟ್ಟು ತೀರ್ಮಾನ ಕೊಡೋ ಹಾಗಿಲ್ಲ.

ಸೊನ್ನೆಗಳ ಬಗ್ಗೆನೂ ಹುಷಾರು. 2012ರಲ್ಲಿ 13 ಸೆಂಟರ್‌ಗಳನ್ನ ಹೈ ರೇಟ್ ಅಂತ ಹೆಸರು ಹಾಕಿದ್ರು, ಜಾರ್ಜಿಯಾದ ಪಾಲ್ಡಿಂಗ್ ಸೆಂಟರಲ್ಲಿ ಶೇ. 32.1, ಒಹಾಯೋದ ಸರ್ಕಲ್‌ವಿಲ್ ಸೆಂಟರಲ್ಲಿ ಶೇ. 30.3. ಅದೇ ರಿಪೋರ್ಟಲ್ಲಿ 26 ಸೆಂಟರ್‌ಗಳಲ್ಲಿ ಒಂದೇ ಒಂದು ಘಟನೆ ಇಲ್ಲ. ಹೈ ರೇಟ್ ಅಂತ ಸುಮ್ನೆ ಹಾಕಿದ್ದಲ್ಲ, ಅಂದಾಜಿನ ಕೆಳಗಿನ ಮಿತಿ, ಅಂದ್ರೆ ಕಡಿಮೆ ಅಂದ್ರೂ ಇಷ್ಟಿರತ್ತೆ ಅನ್ನೋ ಅಂಕಿ ಕೂಡ ಸರಾಸರಿಗಿಂತ 35 ಪರ್ಸೆಂಟ್ ಮೇಲಿದ್ರೆ ಮಾತ್ರ ಹಾಕಿದ್ದು, ಹಾಗಾಗಿ ಆ ಕಡೆ ತಪ್ಪಾಗೋ ಸಾಧ್ಯತೆ ಕಡಿಮೆ. ಸೊನ್ನೆ ಕಡೆ ಹಾಗಲ್ಲ. ಹನ್ನೆರಡು ಮಕ್ಕಳು ಉತ್ತರ ಕೊಟ್ಟಿರೋ ಪುಟ್ಟ ಸೆಂಟರಲ್ಲಿ ಒಬ್ಬ ಹೌದು ಅಂದ್ರೆ ಶೇ. 8ರ ಮೇಲೆ ಹೋಗತ್ತೆ, ಅದೇ ಒಬ್ಬ ಹೆದರಿ ಇಲ್ಲ ಅಂದ್ರೆ ಸೊನ್ನೆ. ಅಂಥ ಸೊನ್ನೆ ಕೆಲವು ಕಡೆ ನಿಜವಾಗ್ಲೂ ಒಳ್ಳೇ ಜಾಗ ಅಂತ ಇರಬಹುದು, ಮಿಸ್ಸೌರಿ ರಾಜ್ಯದಲ್ಲಿ 1983ರಲ್ಲಿ ಬೂನ್‌ವಿಲ್ ಅನ್ನೋ ದೊಡ್ಡ ಟ್ರೈನಿಂಗ್ ಸ್ಕೂಲ್ (ಹೆಸರಿಗೆ ಸ್ಕೂಲ್, ನಿಜಕ್ಕೆ ಮಕ್ಕಳನ್ನ ಕೂಡಿ ಹಾಕೋ ಜಾಗ) ಮುಚ್ಚಿ ಸಣ್ಣ ಸಣ್ಣ ಗುಂಪು, ಅದೇ ಮಕ್ಕಳ ಜೊತೆ ಅದೇ ಸಿಬ್ಬಂದಿ, ಮನೆ ಥರದ ಕಟ್ಟಡ ಅನ್ನೋ ದಾರಿ ಹಿಡಿದ್ರು, ಅಂಥ ಕಡೆ ಕಡಿಮೆ ಬಂದ್ರೆ ನಂಬೋಕೆ ಕಾರಣ ಇದೆ. ಇನ್ನು ಕೆಲವು ಕಡೆ ಸೊನ್ನೆ ಅಂದ್ರೆ ಬರೀ ಮೌನ. ಸರ್ವೆ ಒಂದರಿಂದ್ಲೇ ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಇನ್ನೊಂದು ವಿಷಯ, ಸೇಫ್ ಅನ್ನೋದನ್ನ ಲೈಂಗಿಕ ದೌರ್ಜನ್ಯಕ್ಕೆ ಮಾತ್ರ ಸೀಮಿತ ಮಾಡ್ಬೇಡಿ. 2003ರಲ್ಲಿ ಜುವೆನೈಲ್ ಜಸ್ಟಿಸ್ ಆಫೀಸ್ ಸರ್ವೆ ಆಫ್ ಯೂತ್ ಇನ್ ರೆಸಿಡೆನ್ಷಿಯಲ್ ಪ್ಲೇಸ್‌ಮೆಂಟ್ ಅಂತ ಮಾಡ್ಸಿತ್ತು, 10ರಿಂದ 20 ವರ್ಷದ 7,073 ಮಕ್ಕಳನ್ನ ಕೇಳಿದ್ರು, ಅದರ ವ್ಯಾಪ್ತಿ ತುಂಬಾ ದೊಡ್ಡದು. ಶೇ. 38 ಮಕ್ಕಳು ಯಾರಾದ್ರೂ ನನ್ನ ಮೇಲೆ ಕೈ ಮಾಡ್ತಾರೆ ಅನ್ನೋ ಭಯದಲ್ಲಿದ್ರು, ಶೇ. 25 ಮಕ್ಕಳಿಗೆ ಬೇರೆ ಮಕ್ಕಳ ಭಯ, ಶೇ. 22 ಮಕ್ಕಳಿಗೆ ಸಿಬ್ಬಂದಿಯದ್ದೇ ಭಯ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಸಿಬ್ಬಂದಿ ಅಗತ್ಯಕ್ಕಿಂತ ಹೆಚ್ಚು ಬಲ ಪ್ರಯೋಗಿಸ್ತಾರೆ ಅಂದ್ರು. ಹತ್ತಿರ ಕಾಲು ಭಾಗ ಮಕ್ಕಳನ್ನ ಒಂಟಿಯಾಗಿ ಕೂಡಿ ಹಾಕಿದ್ರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನ 24 ಗಂಟೆಗಿಂತ ಹೆಚ್ಚು ಹೊತ್ತು. ಐದರಲ್ಲಿ ಒಬ್ಬರು ಬದುಕಲ್ಲಿ ಯಾವಾಗ್ಲಾದ್ರೂ ಆತ್ಮಹತ್ಯೆಗೆ ಪ್ರಯತ್ನ ಪಟ್ಟವರು, ಅಂಥ ಮಗುವನ್ನ ಒಂದು ದಿನಪೂರ್ತಿ ಒಬ್ಬನೇ ಕೂಡಿ ಹಾಕೋದು ಅಂದ್ರೆ ಏನು ಅಂತ ನೀವೇ ಯೋಚ್ನೆ ಮಾಡಿ. ಈ ಡೇಟಾ ಹಳೇದು, ಇವತ್ತಿನ ಸ್ಥಿತಿ ಅಂತ ಬರೆಯೋ ಹಾಗಿಲ್ಲ, ಆದ್ರೆ ಯಾವ ಪ್ರಶ್ನೆ ಕೇಳ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಮಾದರಿ ನಾನು ನೋಡಿಲ್ಲ. ಸಂಸ್ಥೆಗಳೇ ತುಂಬೋ ಜುವೆನೈಲ್ ರೆಸಿಡೆನ್ಷಿಯಲ್ ಫೆಸಿಲಿಟಿ ಸೆನ್ಸಸ್ ಅಂತ ಇನ್ನೊಂದಿದೆ, ಹಾಸಿಗೆಗಿಂತ ಮಕ್ಕಳು ಹೆಚ್ಚಿದಾರಾ, ಬಂದ ಕೂಡ್ಲೇ ಆತ್ಮಹತ್ಯೆ ಅಪಾಯದ ಸ್ಕ್ರೀನಿಂಗ್ ಮಾಡ್ತಾರಾ, ಸಾವುಗಳು ಆಗಿದ್ಯಾ ಅಂತ ಅದರಲ್ಲಿ ಬರತ್ತೆ, ಕಟ್ಟಡದ ಮಟ್ಟದ ಮಾಹಿತಿಗೆ ಅದು ಉಪಯೋಗ.

ಸರ್ವೆ ಆದ್ಮೇಲೆ ಏನಾಗತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಪ್ರಿಯಾ ಕಾನೂನಲ್ಲೇ ಒಂದು ರಿವ್ಯೂ ಪ್ಯಾನೆಲ್ ಇದೆ, ಹೆಚ್ಚು ದೌರ್ಜನ್ಯ ಕಂಡು ಬಂದ ಮೂರು ಕಡೆಯವರನ್ನ, ಕಡಿಮೆ ಕಂಡು ಬಂದ ಎರಡು ಕಡೆಯವರನ್ನ ಕರೆಸಿ ಸಾರ್ವಜನಿಕವಾಗಿ ವಿಚಾರಣೆ ಮಾಡ್ಬೇಕು ಅಂತ. ಒಳ್ಳೇದು ನಡೀತಿರೋ ಕಡೆಯವರನ್ನೂ ಕರೆಸೋದು ನನಗೆ ಇಷ್ಟವಾದ ಭಾಗ. ಆದ್ರೆ ಮಗುವಿನ ಹೆಸರು ಎಲ್ಲೂ ಇಲ್ಲದೇ ಇರೋದ್ರಿಂದ ಸರ್ವೆ ಉತ್ತರ ಇಟ್ಕೊಂಡು ಒಬ್ಬ ನಿರ್ದಿಷ್ಟ ಸಿಬ್ಬಂದಿ ಮೇಲೆ ಕೇಸ್ ಹಾಕೋಕಾಗಲ್ಲ. ಇದು ಕಷ್ಟದ ವಿಷಯ, ಇಂಥ ಕಡೆ ಇಂಥದ್ದು ನಡೀತಿದೆ ಅಂತ ಗೊತ್ತಾಗಿಯೂ ಯಾವ ಮಗು ಅಂತ ಹುಡುಕೋ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಹೆಸರು ಗುಟ್ಟಾಗಿ ಇಡ್ತೀವಿ ಅಂತ ಮಕ್ಕಳಿಗೆ ಕೊಟ್ಟ ಮಾತು ಮುರೀಬಾರದು, ಒಂದು ಸಲ ಮುರಿದ್ರೆ ಮುಂದಿನ ಸರ್ವೆಯಲ್ಲಿ ಯಾವ ಮಗುವೂ ಬಾಯಿ ಬಿಡಲ್ಲ. ಅದರ ಬದಲು ಆ ಸೆಂಟರ್‌ಗೆ ಹೊರಗಿನವರು ಹೋಗಿ ತನಿಖೆ ಮಾಡ್ಬೇಕು, ಅದಕ್ಕೆ 1980ರ ಕಾನೂನೊಂದು ನ್ಯಾಯ ಇಲಾಖೆಗೆ ಅಧಿಕಾರ ಕೊಟ್ಟಿದೆ.

ಟೆಕ್ಸಾಸ್ ನೋಡಿ. 2005ರಲ್ಲೇ ಪಯೋಟೆ ಅನ್ನೋ ಊರಿನ ವೆಸ್ಟ್ ಟೆಕ್ಸಾಸ್ ಸ್ಟೇಟ್ ಸ್ಕೂಲಲ್ಲಿ (ಇದೂ ಜುವೆನೈಲ್ ಸೆಂಟರೇ) ಇಬ್ಬರು ಹಿರಿಯ ಅಧಿಕಾರಿಗಳು ಹುಡುಗರ ಮೇಲೆ ದೌರ್ಜನ್ಯ ಮಾಡ್ತಿದಾರೆ ಅಂತ ಪೊಲೀಸ್ ತನಿಖೆ ಆಗಿತ್ತು, ಫೈಲ್ ಇತ್ತು, ಎರಡು ವರ್ಷ ಏನೂ ಆಗ್ಲಿಲ್ಲ, 2007ರಲ್ಲಿ ಪತ್ರಿಕೆಗಳು ಹೊರಗೆ ತಂದ್ಮೇಲೆ ಇಡೀ ರಾಜ್ಯ ಅಲ್ಲಾಡಿ ಹೋಯ್ತು, ಕಾನೂನು ಬದಲಾಯ್ತು, ಇಲಾಖೆಯ ಹೆಸರೂ ಬದಲಾಯ್ತು. ಅಷ್ಟೆಲ್ಲಾ ಆಗಿ 2024ರ ಆಗಸ್ಟಲ್ಲಿ ನ್ಯಾಯ ಇಲಾಖೆ ಅದೇ ರಾಜ್ಯದ ಐದು ಸೆಂಟರ್‌ಗಳಲ್ಲಿ ಮಕ್ಕಳ ಸಾಂವಿಧಾನಿಕ ಹಕ್ಕು ಉಲ್ಲಂಘನೆ ಆಗ್ತಿದೆ, ವಿಪರೀತ ಬಲಪ್ರಯೋಗ, ದೀರ್ಘ ಏಕಾಂತ ಬಂಧನ, ಲೈಂಗಿಕ ದೌರ್ಜನ್ಯ ಇದೆ ಅಂತ ರಿಪೋರ್ಟ್ ಕೊಡ್ತು. 2025ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಜುವೆನೈಲ್ ಸೆಂಟರ್ ಮತ್ತು ಬೇರೆ ಮನೆಗಳಲ್ಲಿ ಮಕ್ಕಳನ್ನ ಸಾಕೋ ಫಾಸ್ಟರ್ ಕೇರ್‌ನಲ್ಲಿ 1959ರಿಂದ ಆದ ಲೈಂಗಿಕ ದೌರ್ಜನ್ಯದ ಸುಮಾರು 6,800 ಕ್ಲೇಮ್‌ಗಳಿಗೆ 400 ಕೋಟಿ ಡಾಲರ್ ಕೊಡೋಕೆ ಒಪ್ಕೊಳ್ತು. ಆ ಮಕ್ಕಳಲ್ಲಿ ಎಷ್ಟೋ ಜನ ಬಾಯಿ ಬಿಟ್ಟಿದ್ದು ಮಧ್ಯವಯಸ್ಸು ದಾಟಿದ ಮೇಲೆ. ಅವರನ್ನ ಅಂದು ಒಳಗಿದ್ದಾಗ ಹೆಡ್‌ಫೋನ್ ಹಾಕಿ ಕೇಳಿದ್ರೂ ಎಷ್ಟು ಜನ ಹೌದು ಅಂತ ಒತ್ತುತಿದ್ರೋ ಹೇಳೋಕಾಗಲ್ಲ, ಆದ್ರೆ ಅವರನ್ನ ಯಾರೂ ಕೇಳಿರ್ಲೇ ಇಲ್ಲ ಅನ್ನೋದು ಮಾತ್ರ ಸತ್ಯ.

ಹಾಗಾಗಿ ಪ್ರಾಜೆಕ್ಟಲ್ಲಿ ಹೀಗೆ ಮಾಡಿ. 9.5 ಮತ್ತು 7.1ನ್ನ ಮುಖ್ಯ ಹೋಲಿಕೆ ಮಾಡಿ, 12.1ನ್ನ ಎಚ್ಚರಿಕೆಯ ಜೊತೆ ಪಕ್ಕದಲ್ಲಿಡಿ. ಸಿಬ್ಬಂದಿ ಮತ್ತು ಮಕ್ಕಳ ಅಂಕಿ ಬೇರೆ ಬೇರೆ ತೋರ್ಸಿ, ಒಟ್ಟು ಅಂಕಿ ಒಂದನ್ನೇ ಕೊಟ್ರೆ ಓದೋರು ಮಕ್ಕಳೇ ಮಕ್ಕಳಿಗೆ ಮಾಡಿದ್ದು ಅಂದ್ಕೊಳ್ತಾರೆ. ಶೇಕಡಾವಾರು ಪಕ್ಕದಲ್ಲಿ ಆ ವರ್ಷ ಒಳಗಿದ್ದ ಮಕ್ಕಳ ಸಂಖ್ಯೆನೂ ಹಾಕಿ. ಸಂಸ್ಥೆಗಳ ರೆಕಾರ್ಡಿನ ಅಂಕಿಯನ್ನ ಬೇರೆ ಚಾಪ್ಟರಲ್ಲಿ ತನ್ನಿ, ಸಾಬೀತಾಗದ ದೂರು ಅಂದ್ರೆ ಸುಳ್ಳು ದೂರು ಅಲ್ಲ, ಸಾಕ್ಷ್ಯ ಸಾಲ್ಲಿಲ್ಲ ಅಂತ ಅರ್ಥ, ಇದನ್ನ ಒಂದು ಸಾಲಲ್ಲಿ ಬಿಡಿಸಿ ಹೇಳಿ. ನಿಮ್ಮ ಗೈಡ್ ಸುಧಾರಣೆ ಆಗಿದ್ಯಾ ಇಲ್ವಾ ಒಂದೇ ಮಾತಲ್ಲಿ ಹೇಳಿ ಅಂತ ಪಟ್ಟು ಹಿಡಿದ್ರೆ, ಹೆಚ್ಚು ದಿನ ಇರಿಸ್ಕೊಳ್ಳೋ ಸೆಂಟರ್‌ಗಳಲ್ಲಿ 2012ರಿಂದ 2018ಕ್ಕೆ ಮಕ್ಕಳು ತಾವೇ ಹೇಳಿದ ಲೈಂಗಿಕ ದೌರ್ಜನ್ಯ ಕಡಿಮೆ ಆಗಿದೆ, ಆದ್ರೆ ಹದಿನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಇನ್ನೂ ಆಗ್ತಿತ್ತು, ಮಾಡಿದವರಲ್ಲಿ ಹೆಚ್ಚಿನವರು ಸಿಬ್ಬಂದಿ ಅಂತ ಬರೆದು ಕೊಡಿ.